ಫ್ಲಾಸ್ಕ್ ಹಿಡಿದು ಬಂದ ರಾಯರು

ಸಕ್ಕರೆ ಕಾಯಿಲೆಯ ಆಸ್ಪತ್ರೆಯಲ್ಲಿ ಬಹುಕಾಲ ಕೆಲಸ ಮಾಡಿದವರಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಹೊರಟುಹೋಗುತ್ತದೆ. ನನಗಂತೂ ಪೂರ್ತಿ ಹೋಗಿದೆ. ಮನೆಗೆ ಬಂದ ನೆಂಟರು ಕಾಫಿಗೆ ಸಕ್ಕರೆ ಬೇಡ ಎಂದರೆ, ಇವರು ದಾರಿಯಲ್ಲಿ ಏನು ತಿಂದು ಬಂದಿರಬಹುದು ಎಂದು ಅವರ ತುಟಿಯಂಚು ನೋಡುತ್ತೇನೆ. ನನ್ನ ಮಗಳು ಇದನ್ನು ಕಾಯಿಲೆ ಅನ್ನುತ್ತಾಳೆ. ನಾನು ಅನುಭವ ಅನ್ನುತ್ತೇನೆ.

ನಾನು ಕೊಳ್ಳೇಗಾಲದವಳು. ನರ್ಸಿಂಗ್ ಮುಗಿಸಿ, ಮದುವೆಯಾಗಿ ಚೆನ್ನೈಗೆ ಬಂದೆ. ಯಜಮಾನರಿಗೆ ಗಿಂಡಿಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ, ನನಗೆ ಗಿಂಡಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಒಂದು ಖಾಸಗಿ ಡಯಾಬಿಟಿಸ್ ಆಸ್ಪತ್ರೆಯಲ್ಲಿ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರೋ ಫೋನ್ ಮಾಡಿ 'ಸುಶೀಲಾ ಸಿಸ್ಟರ್, ನಮ್ಮ ಫ್ರಿಜ್ಜಿನ ವಿಷಯ ಯಾಕೆ ಬರೆದಿರಿ' ಎಂದು ಕೇಳುತ್ತಾರೆ. ನಾನು ಏನಾಗಿ ಸೇರಿದೆ, ಏನಾಗಿ ಹೊರಬಂದೆ ಎಂಬುದೆಲ್ಲ ಬೀಳ್ಕೊಡುಗೆಯ ದಿನ ಕೊಟ್ಟ ಫಲಕದ ಮೇಲಿದೆ, ಇಲ್ಲಿ ಬೇಡ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗಿಯರು 'ಕೆಲಸ ಹೇಗಿರುತ್ತೆ ಆಂಟಿ' ಎಂದು ಕೇಳುತ್ತಿರುತ್ತಾರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು, ಪೇಷಂಟುಗಳಿಗೆ ರಕ್ತಪರೀಕ್ಷೆ ಎಂದರೆ ಶಾಲೆಯ ಪರೀಕ್ಷೆ. ತಿಂಗಳೆಲ್ಲ ಮೈಸೂರುಪಾಕು ತಿಂದು, ಟೆಸ್ಟಿಗೆ ಮೂರು ದಿನ ಇದೆ ಎನ್ನುವಾಗ ಹಾಗಲಕಾಯಿ ಶುರು ಮಾಡುತ್ತಾರೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಕಳೆದು ಮತ್ತೆ ಕೊಡಬೇಕಲ್ಲ, ಆ ನಡುವೆ ಬೀಚಿನಲ್ಲಿ ನಡೆದ ಹಾಗೆ ಆಸ್ಪತ್ರೆಯ ಸುತ್ತ ಗಿರಕಿ ಹೊಡೆಯುತ್ತಾರೆ. ನಾನು ಸೇರಿದ ಕಾಲಕ್ಕೆ ಈ ಉಪಾಯ ನಡೆಯುತ್ತಿತ್ತು. ಆಮೇಲೆ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಬಂತು. ಅದು ಬಂದ ಹೊಸದರಲ್ಲಿ ಎಷ್ಟೋ ಗಂಡಂದಿರ ಮುಖ ಹೆಂಡತಿಯರ ಎದುರಿಗೆ ಸಣ್ಣಗಾಯಿತು. ನನಗೆ ಬಹಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಬದಲಾವಣೆ ಲಸಿಕೆಯದು. ಮೊದಲೆಲ್ಲ ದೊಡ್ಡವರಿಗೆ ಲಸಿಕೆ ಎಂದರೆ ಕಾಲಿಗೆ ಮೊಳೆ ಚುಚ್ಚಿದಾಗ ಹಾಕುವ ಧನುರ್ವಾಯುವಿನದು ಅಷ್ಟೆ. ಒಂದು ವರ್ಷ ನಮ್ಮ ದೊಡ್ಡ ಡಾಕ್ಟರು, ಸಕ್ಕರೆ ಇರುವವರಿಗೆ ಫ್ಲೂ ಬಂದರೆ ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ, ಎದೆಗೆ ಇಳಿದು ನ್ಯುಮೋನಿಯಾ ಆದರೆ ಜೀವಕ್ಕೇ ಕುತ್ತು ಬರಬಹುದು, ಆದ್ದರಿಂದ ಮಳೆಗಾಲಕ್ಕೆ ಮುಂಚೆ ಎಲ್ಲರನ್ನೂ ಕೇಳಿ ಲಸಿಕೆ ಹಾಕಬೇಕು ಎಂದರು. ದೊಡ್ಡ ಡಾಕ್ಟರು ಬುದ್ಧಿವಂತರು, ಕೈಗುಣ ಚೆನ್ನಾಗಿತ್ತು. ಆದರೆ ಪೇಷಂಟಿನ ಮುಖ ನೋಡುತ್ತಿರಲಿಲ್ಲ. ರಿಪೋರ್ಟು ನೋಡುತ್ತಲೇ ಮಾತಾಡಿ, ರಿಪೋರ್ಟಿಗೇ ಬೈದು ಕಳಿಸುತ್ತಿದ್ದರು. ಕೇಳುವ ಕೆಲಸ ನನ್ನ ಮೇಲೆ ಬಿತ್ತು.

ಆಗ ನೋಡಿದೆ ಜನರ ಅನುಮಾನ ಎಂದರೆ ಏನು ಎಂದು. ಕೋಯಂಬೇಡಿನಲ್ಲಿ ಈರುಳ್ಳಿ ಮಂಡಿ ಇಟ್ಟುಕೊಂಡಿದ್ದ ಷಣ್ಮುಗಂ ಎಂಬುವರಿದ್ದರು. ದಿನಕ್ಕೆ ಎರಡು ಸಲ ತಮಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯ, ಅದೂ ಮಂಡಿಯಲ್ಲಿ ವ್ಯಾಪಾರ ಮಾಡುತ್ತಾ, ಅಂಗಿ ಎತ್ತಿ. ಲಸಿಕೆ ಎಂದ ಕೂಡಲೇ ಚಿಕ್ಕ ಮಗುವಿನಂತೆ ಕೈ ಹಿಂದಕ್ಕೆ ಇಟ್ಟುಕೊಂಡರು. ಇದು ಮಕ್ಕಳಿಗೆ ಹಾಕುವುದಲ್ಲವೇ ಎಂದು ತಮಿಳಿನಲ್ಲಿ ಕೇಳಿದರು. ಮುಂದಿನ ಸಲ, ನಿಮಗೆ ಇದರಲ್ಲಿ ಎಷ್ಟು ಕಮಿಷನ್ ಎಂದರು. ಅದರ ಮುಂದಿನ ಸಲ ಅಷ್ಟಮಿ. ಆಮೇಲೆ ರಾಹುಕಾಲ. ರಾಹುಕಾಲ ಮುಗಿಯುವ ತನಕ ಕೂತಿರಿ ಎಂದರೆ ಕ್ಯಾಂಟೀನಿಗೆ ಹೋಗಿ ಬರುತ್ತೇನೆ ಎಂದವರು ಬರಲೇ ಇಲ್ಲ. ಅವರ ಒಂದು ಮಾತನ್ನೂ ನಾನು ನಂಬಲಿಲ್ಲ, ನನ್ನ ಒಂದು ಮಾತನ್ನೂ ಅವರು ನಂಬಲಿಲ್ಲ.

ನನ್ನಿಂದಲೂ ಒಂದು ಎಡವಟ್ಟಾಯಿತು. ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಧೈರ್ಯ ತುಂಬಲು 'ಏನೂ ಆಗಲ್ಲ ಸರ್' ಅಂದೆ. ಅವತ್ತು ಸಂಜೆ ಅವರಿಗೆ ಸ್ವಲ್ಪ ಮೈ ಬಿಸಿಯಾಗಿ, ಮಾರನೆಯ ಬೆಳಿಗ್ಗೆ ಸಕ್ಕರೆಯೂ ಸ್ವಲ್ಪ ಏರಿತ್ತು. ಮೈ ಬಿಸಿಯಾದರೆ ಒಂದೆರಡು ದಿನ ಹಾಗಾಗುವುದುಂಟು, ತಾನಾಗಿ ಇಳಿಯುತ್ತದೆ. ಆದರೆ ಅವರು ಪೇಷಂಟುಗಳು ಕಾಯುವ ಕೋಣೆಯಲ್ಲಿ ಕೂತು, ಊಸಿ ಹಾಕಿಸಿಕೊಂಡರೆ ಶುಗರ್ ಏರುತ್ತದೆ ಎಂದು ಹೇಳಿದ್ದೇ ತಡ, ಪರೀಕ್ಷೆಗೆ ಓದಿಕೊಂಡು ಬಂದಿದ್ದ ಅಷ್ಟೂ ಜನ ಮಾರ್ಕು ಹೋಗುತ್ತದೆ ಎಂದು ಎದ್ದು ಹೋದರು. ಊಸಿ ಎಂದರೆ ಇಂಜೆಕ್ಷನ್. ಚೆನ್ನೈನಲ್ಲಿ ಕನ್ನಡದವರೂ ಹಾಗೇ ಅನ್ನುತ್ತಾರೆ. ಅವತ್ತಿನಿಂದ ನಾನು 'ಏನೂ ಆಗಲ್ಲ' ಎಂದು ಯಾರಿಗೂ ಹೇಳಿಲ್ಲ. ಕೈ ನೋಯುತ್ತದೆ, ಮೈ ಬಿಸಿಯಾಗಬಹುದು, ಶುಗರ್ ಒಂದೆರಡು ದಿನ ಏರಬಹುದು, ಹೆಚ್ಚಾದರೆ ಫೋನ್ ಮಾಡಿ ಎಂದು ಮೊದಲೇ ಹೇಳಿಬಿಡುತ್ತಿದ್ದೆ. ನೀವೂ ಹಾಗೇ ಮಾಡಿ.

ಫ್ರಿಜ್ಜಿನ ವಿಷಯ ಆಗಲೇ ಬಾಯಿಬಿಟ್ಟೆನಲ್ಲ. ಲಸಿಕೆಯ ಫ್ರಿಜ್ಜನ್ನು ಸುಮ್ಮಸುಮ್ಮನೆ ತೆಗೆಯಬಾರದು. ಒಳಗೆ ಬೇರೇನೂ ಇಡಬಾರದು. ಬಿಸಿಯಾದರೂ ಲಸಿಕೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ, ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ. ಒಂದು ಬೇಸಿಗೆಯಲ್ಲಿ ಬೆಳಿಗ್ಗೆ ಲಸಿಕೆಯ ಡಬ್ಬಿ ತೆಗೆದರೆ ಮಲ್ಲಿಗೆಯ ಘಮ. ಎರಡು ದಿನ ಹೊಂಚು ಹಾಕಿ ಕೂತೆ. ರಿಸೆಪ್ಷನ್ನಿನ ಹುಡುಗಿ ಸಂಜೆ ಮುಡಿಯುವ ಹೂವು ಬಾಡದಿರಲಿ ಎಂದು ಬಾಳೆಲೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಡಬ್ಬಿಗಳ ಹಿಂದೆ ಇಡುತ್ತಿದ್ದಳು. ಬಂದವರಿಗೆಲ್ಲ ಮೊಳ ಮೊಳ ಕತ್ತರಿಸಿ ಕೊಡಲು ದಿನವೆಲ್ಲ ಬಾಗಿಲು ತೆಗೆಯುತ್ತಿದ್ದಳು. ನಾನು ಇದ್ದಷ್ಟೂ ಲಸಿಕೆ ಬಿಸಾಡಿಸಿದೆ. ಆಡಳಿತದವರು ಹಾರಾಡಿದರು. ನಮ್ಮ ಹೆಡ್ ನರ್ಸ್ ಸ್ಟೆಲ್ಲಾ ಸಿಸ್ಟರ್ ಮಾತ್ರ ನನ್ನ ಪರವಾಗಿ ನಿಂತು, ಇವಳಿಗೆ ಅನುಮಾನ ಬಂದರೆ ನನಗೂ ಬಂದ ಹಾಗೆ ಎಂದುಬಿಟ್ಟರು. ಫ್ರಿಜ್ಜಿನ ಕೀಲಿಕೈ ಅವತ್ತಿನಿಂದ ನನ್ನ ಸೊಂಟಕ್ಕೆ ಬಂತು.

ಇಷ್ಟೆಲ್ಲ ಹೇಳಿದ್ದು ಗುರುರಾಜ ರಾಯರ ವಿಷಯಕ್ಕೆ ಬರಲು. ರಾಯರದು ತಲೆತಲಾಂತರದಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವ ಮನೆತನ. ಪಶ್ಚಿಮ ಮಾಂಬಲದಲ್ಲಿ ಮನೆ. ವಿಮಾ ಆಫೀಸಿನಿಂದ ನಿವೃತ್ತರಾಗಿದ್ದರು. ಎಲೆಕ್ಟ್ರಿಕ್ ಟ್ರೈನು ಹತ್ತಿ ಒಬ್ಬರೇ ಬರುತ್ತಿದ್ದರು, ನನ್ನ ಜೊತೆ ಕನ್ನಡ ಮಾತಾಡಲು ಸಿಗುತ್ತದೆಂದು ಬೇಕೆಂದೇ ನನ್ನ ಕೌಂಟರಿಗೆ ನಿಲ್ಲುತ್ತಿದ್ದರು. ಅವರ ಮನೆಯ ಕನ್ನಡದಲ್ಲಿ ಬೀದಿ ಎಂದರೆ ತೆರು, ಪಾಪ ಎಂದರೆ ಪಾವಂ, ಆಮೇಲೆ ಎಂದರೆ ಅಪ್ಪುರಂ, ಸುಮ್ಮನೆ ಎಂದರೆ ಚುಮ್ಮಾ. ಲಸಿಕೆಗೆ ಒಂದು ಮಾತೂ ಆಡದೆ ತೋಳು ಕೊಡುತ್ತಿದ್ದ ಅಪರೂಪದ ಪೇಷಂಟು. ಆದರೆ ಒಂದು ವರ್ಷದಿಂದ ಅವರ ಸಕ್ಕರೆ ಏರುತ್ತಲೇ ಇತ್ತು. ಮಾತ್ರೆ ತಪ್ಪಿಸುತ್ತಿದ್ದಾರೆಯೇ ಎಂದು ನೋಡಿದರೆ ಖಾಲಿ ಸ್ಟ್ರಿಪ್ಪುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದು ತೋರಿಸುತ್ತಿದ್ದರು. ಡಬ್ಬಿಯಲ್ಲಿ ಮಾತ್ರೆಗಳು ಅರ್ಧರ್ಧ ಆಗಿರುತ್ತಿದ್ದವು. ಯಾಕೆ ಎಂದು ಕೇಳಿದೆ.

"ದೊಡ್ಡ ಮಾತ್ರೆಯಮ್ಮಾ, ಗಂಟಲಲ್ಲಿ ನಿಲ್ತದೆ. ಮುರಿದು ನುಂಗ್ತೇನೆ."

"ಮಠದಲ್ಲಿ ಊಟ ಜೋರಾ ರಾಯರೇ? ಹಯಗ್ರೀವ ಗಿಯಗ್ರೀವ?"

"ಮಂತ್ರಾಲಯದ ರಾಯರ ಆಣೆ, ಒಂದು ಚಮಚ ಪ್ರಸಾದ ಬಿಟ್ಟು ಬೇರೆ ಇಲ್ಲ."

ನಾನು ನಂಬಲಿಲ್ಲ. ದೊಡ್ಡ ಡಾಕ್ಟರೂ ನಂಬಲಿಲ್ಲ. ಹೀಗೇ ಆದರೆ ಮುಂದಿನ ಸಲ ಇನ್ಸುಲಿನ್ ಬರೆಯುತ್ತೇನೆ ಎಂದು ರಿಪೋರ್ಟಿಗೆ ಬೈದು ಕಳಿಸಿದರು.

ತಮಿಳರ ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರಿನ ಮಳೆ ಇನ್ನೇನು ಶುರುವಾಗಬೇಕು, ಮೋಡ ಕಟ್ಟಿದ ಒಂದು ಬೆಳಿಗ್ಗೆ ರಾಯರು ಆ ವರ್ಷದ ಲಸಿಕೆಗೆ ಬಂದರು. ಹಾಕಿಸಿಕೊಂಡು, ತೋಳು ಇಳಿಸಿ, ಚೀಲದಿಂದ ಅಗಲ ಬಾಯಿಯ ಒಂದು ಹಳೆಯ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಐಸು ಗಲಗಲ ಅನ್ನುತ್ತಿತ್ತು.

"ಸಿಸ್ಟರ್, ಇನ್ನೊಂದು ಊಸಿ ಇದರಲ್ಲಿ ಹಾಕಿ ಕೊಡಿ. ದುಡ್ಡು ಕಟ್ಟಿ ರಸೀದಿ ತಂದಿದ್ದೇನೆ."

"ಊಸಿ ಏನು ಸಾಂಬಾರಾ ರಾಯರೇ, ಪಾರ್ಸಲ್ ಕಟ್ಟೋಕೆ? ಯಾರಿಗೆ?"

"ನನ್ನ ತಮ್ಮನಿಗೆ. ಹಾಸಿಗೆ ಹಿಡಿದಿದ್ದಾನೆ ಪಾವಂ. ಅವನಿಗೂ ಸಕ್ಕರೆ. ನಮ್ಮ ತೆರುವಿನಲ್ಲಿ ಒಬ್ಬ ಕಾಂಪೌಂಡರ್ ಇದ್ದಾನೆ, ಅವನು ಹಾಕ್ತಾನೆ."

ಐಸಿಗೆ ತಾಗಿದರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ ಎಂಬುದು ಒಂದು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಮಾತಾಡಿದರೂ ರಾಯರ ಬಾಯಲ್ಲಿ ತಮ್ಮ ಎಂಬ ಪ್ರಾಣಿ ಬಂದಿರಲಿಲ್ಲ. ಕಾಂಪೌಂಡರ್ ಜೊತೆ ಸೇರಿ ಲಸಿಕೆ ಮಾರುವ ದಂಧೆಯೋ ಏನೋ, ವಯಸ್ಸಾದವರನ್ನು ಮುಂದೆ ಬಿಟ್ಟು ಹಿಂದೆ ಯಾರಿದ್ದಾರೋ ಎಂದು ನನ್ನ ತಲೆ ಓಡಿತು. ಆಗಲ್ಲ ಅಂದೆ. ರಾಯರು ಹೋಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತರು.

"ಅಮ್ಮಾ, ಒಂದು ಕೇಳ್ತೇನೆ. ಬಲಗೈ ಬೇಡ, ಎಡಗೈಗೆ ಹಾಕಿದರೆ ಮಾರನೇ ದಿನ ರುಬ್ಬೋದಕ್ಕೆ ಆಗ್ತದಾ?"

"ಹಾಸಿಗೆ ಹಿಡಿದಿರೋ ನಿಮ್ಮ ತಮ್ಮ ಏನು ರುಬ್ತಾರೆ ರಾಯರೇ? ದೋಸೆ ಹಿಟ್ಟಾ?"

ರಾಯರು ಪಕ್ಕದ ಸ್ಟೂಲಿನ ಮೇಲೆ ಕೂತರು. ವಿಮಾ ಆಫೀಸಿನಲ್ಲಿ ಇಡೀ ಜನ್ಮ ಬೇರೆಯವರ ಸುಳ್ಳು ಹಿಡಿದ ಮನುಷ್ಯನಿಗೆ ತನ್ನದೊಂದು ಸುಳ್ಳು ಹೇಳಲು ಬರಲಿಲ್ಲ.

"ತಮ್ಮ ಇಲ್ಲ. ಪದ್ಮಾಗೆ. ನನ್ನ ಹೆಂಡತಿಗೆ," ಅಂದರು. "ಕಣ್ಣಿನ ಕ್ಯಾಂಪಿನಲ್ಲಿ ನೋಡಿ ಸಕ್ಕರೆ ಇದೆ ಅಂತ ಹೇಳಿದರು. ಅವಳು ಯಾರಿಗೂ ಹೇಳಕೂಡದು ಅಂತ ನನ್ನ ಕೈಲಿ ಮಾತು ತಗೊಂಡಳು. ಮಗನಿಗೂ ತಿಳಿಯದು. ಡಾಕ್ಟರ್ ಕೈಗೆ ಸಿಕ್ಕಿದರೆ ಏಕಾದಶಿ ಬಿಡು ಅಂತಾರೆ, ಬೆಳಿಗ್ಗೆ ಎದ್ದ ಕೂಡಲೇ ತಿನ್ನು ಅಂತಾರೆ. ನೈವೇದ್ಯಕ್ಕೆ ಮುಂಚೆ ಅವಳು ಒಂದು ಗುಟುಕು ನೀರು ಕುಡಿದವಳಲ್ಲ."

"ಮತ್ತೆ ಈಗ ಲಸಿಕೆ ಯಾಕೆ?"

"ಪಕ್ಕದ ಮನೆ ಅಂಬುಜಾ ಮಾಮಿ ಹೋದ ಮಳೆಗಾಲದಲ್ಲಿ ತೀರಿಹೋದಳು. ಅವಳಿಗೂ ಸಕ್ಕರೆ ಇತ್ತು. ಜ್ವರ ಅಂತ ಶುರುವಾಯ್ತು, ಅಪ್ಪುರಂ ಎದೆಗೆ ಇಳಿಯಿತು. ಅವತ್ತಿನಿಂದ ಪದ್ಮಾ ಒಂದು ಸಲ ಕೆಮ್ಮಿದರೆ ನನಗೆ ನಿದ್ದೆ ಇಲ್ಲ. ಇಲ್ಲಿಗೆ ಬಂದರೆ ನೀವು ಮೊದಲು ಸಕ್ಕರೆ ನೋಡ್ತೀರಿ ಅಂತ ಅವಳಿಗೆ ಭಯ. ಅದಕ್ಕೆ ಪಾರ್ಸಲ್ ಕೇಳಿದೆ."

ಇದನ್ನೂ ನಾನು ಪೂರ್ತಿ ನಂಬಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ಸುಳ್ಳುಗಳನ್ನು ಬೇಕಾದಷ್ಟು ಕೇಳಿದ್ದೇನೆ. ದೊಡ್ಡ ಡಾಕ್ಟರ ಹತ್ತಿರ ಹೋಗಿ, ಮನೆಗೆ ಹೋಗಿ ಹಾಕಿ ಬರುತ್ತೇನೆ, ಬರೆದುಕೊಡಿ ಎಂದೆ. ನೀನು ಪೊಲೀಸ್ ಇಲಾಖೆಗೆ ಸೇರಬೇಕಾದವಳು ಎಂದು ಬರೆದುಕೊಟ್ಟರು. ಮೊದಲು ಹೆಂಡತಿಯನ್ನು ಕೇಳಿ ಫೋನ್ ಮಾಡಿ ಎಂದು ರಾಯರಿಗೆ ಹೇಳಿ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಬಂತು. ಬರಬಹುದಂತೆ, ಆದರೆ ಮಧ್ಯಾಹ್ನ ಎರಡರ ಮೇಲೆ. ಯಾಕೆ ಎರಡರ ಮೇಲೆ, ಅಷ್ಟರಲ್ಲಿ ಏನನ್ನು ಬಚ್ಚಿಡುತ್ತಾರೆ ಎಂದುಕೊಂಡು ನಾನು ಒಂದೂವರೆಗೇ ಹೋದೆ.

ಮಹಡಿ ಮನೆ. ಬಾಗಿಲು ತೆಗೆದ ರಾಯರು ನನ್ನನ್ನು ನೋಡಿ ಗಾಬರಿಯಾದರು. ಒಳಗಿನಿಂದ ಹೆಂಗಸಿನ ದನಿ ಬಂತು.

"ಯಾರು? ಆಸ್ಪತ್ರೆಯವರಾ? ಅಲ್ಲೇ ಕೂರಿಸಿ. ಈ ಕಡೆ ಬರಕೂಡದು. ನಾನಿನ್ನೂ ಮಡಿಯಲ್ಲಿದ್ದೇನೆ."

ಅಷ್ಟರಲ್ಲಿ ನನಗೆ ಎರಡರ ಮೇಲೆ ಎಂದದ್ದು ಯಾಕೆಂದು ಹೊಳೆಯಿತು. ತೋಳು ಮುಟ್ಟದೆ ಲಸಿಕೆ ಹಾಕುವುದು ಹೇಗೆ? ಮಡಿಯಲ್ಲಿರುವವರನ್ನು ನಾನು ಮುಟ್ಟುವುದು ಹೇಗೆ? ಗೋಡೆ ಪಕ್ಕದ ಕುರ್ಚಿಯಲ್ಲಿ ಲಸಿಕೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗೆ ಗಂಟೆ ಬಾರಿಸಿದ್ದು, ಮಂಗಳಾರತಿಯಾದದ್ದು, ಎಲೆ ಹಾಕಿದ್ದು ಎಲ್ಲ ಕೇಳಿಸುತ್ತಿತ್ತು. ಊಟವಾಗಿ, ಸೀರೆ ಬದಲಾಯಿಸಿ ಪದ್ಮಾಬಾಯಿ ಹೊರಗೆ ಬಂದರು. ಸಣ್ಣ ಆಳು, ತೀಕ್ಷ್ಣ ಕಣ್ಣು. ನನ್ನ ಮುಖ ನೋಡಲಿಲ್ಲ, ಪೆಟ್ಟಿಗೆ ನೋಡಿದರು.

"ಇದನ್ನ ಎಲ್ಲಿಟ್ಟಿದ್ದಿರಿ?"

"ಫ್ರಿಜ್ಜಲ್ಲಿ ಮಾಮಿ."

"ಜೊತೆಗೆ ಏನಿತ್ತು?"

"ಏನೂ ಇಲ್ಲ. ಲಸಿಕೆ ಬಿಟ್ಟು ಬೇರೆ ಇಡೋ ಹಾಗಿಲ್ಲ."

"ಚುಮ್ಮಾ ಹೇಳಬೇಡಿ. ಎಲ್ಲಾ ಆಫೀಸ್ ಫ್ರಿಜ್ಜಲ್ಲೂ ಯಾರದೋ ಮೊಸರನ್ನದ ಡಬ್ಬ ಇರ್ತದೆ. ಯಾರು ಯಾರು ಮುಟ್ಟಿದರು? ದಾರಿಯಲ್ಲಿ ಮುಚ್ಚಳ ತೆಗೆದಿರಾ?"

ನನಗೆ ಒಳಗೊಳಗೇ ಬಹಳ ಸಂತೋಷವಾಯಿತು. ಇಷ್ಟು ವರ್ಷದಲ್ಲಿ ಒಬ್ಬ ಪೇಷಂಟೂ ಈ ಪ್ರಶ್ನೆ ಕೇಳಿರಲಿಲ್ಲ. ಕಮಿಷನ್ ಕೇಳಿದವರಿದ್ದರು, ಫ್ರಿಜ್ಜು ಕೇಳಿದವರಿರಲಿಲ್ಲ. ಹೊಸದಾಗಿ ಸೇರಿದ ನರ್ಸುಗಳಿಗೆ ಬಡಿದು ಬಡಿದು ಕಲಿಸಿದರೂ ತಲೆಗೆ ಹತ್ತದ್ದನ್ನು ಈ ಹೆಂಗಸು ತನ್ನ ಅಡುಗೆಮನೆಯಿಂದ ತಂದಿದ್ದರು. ನಾನು ಸೊಂಟದ ಕೀಲಿಕೈ ತೋರಿಸಿ ಮಲ್ಲಿಗೆಯ ಕಥೆ ಹೇಳಿದೆ. ಇದ್ದದ್ದೆಲ್ಲ ಬಿಸಾಡಿದೆ ಎಂದಾಗ ತಲೆಯಾಡಿಸಿದರು.

"ಬಿಸಾಡಲೇಬೇಕು. ಮುಟ್ಟಿದ ಮೇಲೆ ಮುಟ್ಟಿದ್ದೇ."

"ನಮ್ಮ ಫ್ರಿಜ್ಜು ಮಡಿ ಅಂತಲೇ ಅಂದ್ಕೊಳ್ಳಿ ಮಾಮಿ. ನಾನೇ ಅದಕ್ಕೆ ಕಾವಲು."

"ಸರಿ, ಹಾಕಿ. ಊಸಿ ಮಾತ್ರ. ಬೆರಳು ಚುಚ್ಚಿ ಸಕ್ಕರೆ ನೋಡಕೂಡದು. ನಿಮ್ಮ ಚೀಲದಲ್ಲಿ ಮೆಷಿನ್ ಇದೆ ಅಂತ ನನಗೆ ಗೊತ್ತು."

ಇತ್ತು. ಮಾತಿನಲ್ಲಿ ಮರೆಸಿ ಬೆರಳು ಹಿಡಿಯುವುದು ನನಗೆ ಕಷ್ಟವೇನಲ್ಲ. ಆದರೆ ಈ ಲಸಿಕೆ ಹಾಕಲು ಸಕ್ಕರೆ ನೋಡಲೇಬೇಕೆಂದಿಲ್ಲ. ಜ್ವರವಿಲ್ಲ, ಹಿಂದೆ ಯಾವ ಇಂಜೆಕ್ಷನ್ನಿಗೂ ಮೈಗೆ ಒಗ್ಗದೆ ತೊಂದರೆಯಾಗಿಲ್ಲ ಎಂದು ಕೇಳಿ ತಿಳಿದುಕೊಂಡೆ. ಕೈ ನೋಯುತ್ತದೆ, ಮೈ ಬಿಸಿಯಾಗಬಹುದು ಎಂದು ಹೇಳಿದೆ. ಎಡತೋಳಿಗೆ ಹಾಕಿದೆ. ಮೆಷಿನ್ನು ಚೀಲದಲ್ಲೇ ಉಳಿಯಿತು.

ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕಾದು ನೋಡುವುದು ನಿಯಮ. ಪದ್ಮಾಬಾಯಿ ಕಾಫಿ ತಂದರು. ಜಗಳವಾಡುವ ದನಿಯಲ್ಲೇ ಒಂದು ಮಾತು ಕೇಳಿದರು.

"ಅಡುಗೆ, ನೈವೇದ್ಯ ಮುಗಿದು ನಾನು ಎಲೆ ಎತ್ತುವಾಗ ಎರಡು. ನಿಮ್ಮಲ್ಲಿ ಊಸಿ ರೂಮು ಒಂದು ಗಂಟೆಗೇ ಮುಚ್ಚುತ್ತಂತೆ. ಈ ತೆರುವಿನಲ್ಲಿ ನನ್ನಂಥವರು ಎಷ್ಟು ಜನ ಇದ್ದಾರೆ. ನಾವು ಬರುವುದು ಯಾವಾಗ?"

ನಾನು ಕಾಫಿ ಕುಡಿಯುತ್ತಿದ್ದೆ. ಆಗಲೇ ರಾಯರು ತಮ್ಮ ಡಬ್ಬಿ ತೆಗೆದು ಒಂದು ಮಾತ್ರೆ ಎತ್ತಿ, ಹೆಬ್ಬೆರಳಿನಿಂದ ಟಕ್ ಎಂದು ಮುರಿದರು. ಅರ್ಧ ತಾವು ನುಂಗಿದರು. ಉಳಿದ ಅರ್ಧವನ್ನು ಹೆಂಡತಿಯ ನೀರಿನ ಲೋಟದ ಪಕ್ಕದಲ್ಲಿಟ್ಟರು. ನಾನು ಅಲ್ಲಿ ಕೂತಿರುವುದು ಅವರಿಗೆ ಮರೆತೇಹೋಗಿತ್ತು. ಅಷ್ಟು ಅಭ್ಯಾಸವಾಗಿತ್ತು ಕೈಗೆ.

ಲೋಟ ಕೆಳಗಿಟ್ಟೆ.

"ರಾಯರೇ, ಗಂಟಲಲ್ಲಿ ನಿಲ್ಲುತ್ತೆ ಅಂದ್ರಲ್ಲ, ಇದಾ ಆ ಗಂಟಲು? ದೊಡ್ಡ ಡಾಕ್ಟ್ರು ನಿಮಗೆ ಇನ್ಸುಲಿನ್ ಬರೆಯೋಕೆ ಪೆನ್ನು ಹಿಡಿದು ಕೂತಿದ್ದಾರೆ. ಕೊಟ್ಟ ಮಾತ್ರೆಯಲ್ಲಿ ಅರ್ಧ ತಗೊಂಡರೆ ಸಕ್ಕರೆ ಏರದೆ ಇರುತ್ತಾ?"

ರಾಯರು ಕಣ್ಣಿನಲ್ಲೇ ಹೇಳಬೇಡಿ ಎಂದು ಬೇಡಿದರು. ಹೊತ್ತು ಮೀರಿತ್ತು. ಪದ್ಮಾಬಾಯಿ ಗಂಡನ ಕಡೆ ತಿರುಗಿದರು.

"ಇನ್ಸುಲಿನ್ನಾ? ನಿಮಗಾ? ಎಲ್ಲಾ ಸರಿಯಾಗಿದೆ, ಅರ್ಧ ಮಾತ್ರೆ ಸಾಕು ಅಂತ ಡಾಕ್ಟರ್ ಹೇಳಿದರು ಅಂದಿರಿ?"

ರಾಯರು ಡಬ್ಬಿಯ ಮುಚ್ಚಳ ಹಾಕಿದರು.

"ಇವರ ಮೈ ಇಳಿದದ್ದು ನೋಡಿ, ಸಕ್ಕರೆ ಏರಿರಬೇಕು, ಹೊರಗೆ ಕದ್ದು ಜಿಲೇಬಿ ತಿನ್ತಾರೆ ಅಂತ ನಾನು ಮಠದವರನ್ನೆಲ್ಲ ವಿಚಾರಿಸಿದೆ," ಎಂದರು ನನಗೆ. ಅವರ ದನಿ ಕೆಳಗಿಳಿದಿತ್ತು. ನಾನೂ ಅದನ್ನೇ ಅನುಮಾನಪಟ್ಟಿದ್ದೆ ಎಂದು ಹೇಳಿದೆ. ಇಬ್ಬರು ಹೆಂಗಸರು, ಇಬ್ಬರದೂ ಹದ್ದಿನ ಕಣ್ಣು, ಹಿಡಿದದ್ದು ಮಾತ್ರ ಜಿಲೇಬಿಯನ್ನು. ಆ ಮನುಷ್ಯ ತನ್ನ ಸಕ್ಕರೆ ಏರುವುದನ್ನು ನೋಡುತ್ತಾ, ಹೇಳಿದರೆ ಇವಳು ಅರ್ಧ ಮಾತ್ರೆಯನ್ನೂ ಬಿಟ್ಟುಬಿಡುತ್ತಾಳೆ ಎಂದು ಬಾಯಿ ಮುಚ್ಚಿಕೊಂಡು, ನನ್ನ ಕೈಲೂ ಡಾಕ್ಟರ ಕೈಲೂ ಬೈಸಿಕೊಂಡು ಹೋಗುತ್ತಿದ್ದರು. ಅವರ ಮೇಲೆ ನನಗೆ ಕೋಪವೂ ಬಂತು, ಪಾಪ ಅಂತಲೂ ಅನ್ನಿಸಿತು. ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರು ನುಂಗುವುದು ಎಷ್ಟು ಅಪಾಯ ಎಂದು ಇಬ್ಬರಿಗೂ ಬೈದೆ. ಏಕಾದಶಿಯ ದಿನ ಬರಿ ಹೊಟ್ಟೆಯಲ್ಲಿ ನುಂಗಿದ್ದೀರಾ ಎಂದು ಕೇಳಿದೆ. ಅವತ್ತು ಮಾತ್ರೆಯೂ ಇಲ್ಲ ಎಂದರು ಪದ್ಮಾಬಾಯಿ. ಲೋಟದ ಪಕ್ಕದ ಅರ್ಧ ಮಾತ್ರೆ ಹಾಗೇ ಇತ್ತು. ಅರ್ಧ ಗಂಟೆ ಮುಗಿದಿತ್ತು, ನಾನು ಎದ್ದು ಬಂದೆ.

ಆಸ್ಪತ್ರೆಗೆ ಬಂದು ಮೊದಲು ಮಾಡಿದ ಕೆಲಸ ಜಗಳ. ಲಸಿಕೆಯ ರೂಮನ್ನು ಪ್ರತಿ ಬುಧವಾರ ಸಂಜೆಯವರೆಗೂ ತೆರೆದಿಡಬೇಕು ಎಂದೆ. ಮಧ್ಯಾಹ್ನದ ಮೇಲೆ ಯಾರು ಬರುತ್ತಾರೆ, ನಿನಗೆ ಮಾಡಲು ಕೆಲಸವಿಲ್ಲವೇ ಎಂದರು ಆಡಳಿತದವರು. ಸ್ಟೆಲ್ಲಾ ಸಿಸ್ಟರ್ ಮತ್ತೆ ನನ್ನ ಪರ ನಿಂತರು. ಎರಡು ವಾರ ನೋಡೋಣ, ಯಾರೂ ಬರದಿದ್ದರೆ ಮುಚ್ಚುತ್ತೇವೆ ಎಂಬ ಷರತ್ತಿನ ಮೇಲೆ ತೆರೆಯಿತು. ಮೊದಲ ಬುಧವಾರ ನಾನೊಬ್ಬಳೇ ಫ್ರಿಜ್ಜಿನ ಜೊತೆ ಕೂತಿದ್ದೆ. ಮಳೆ ಬೇರೆ. ಮೂರು ಗಂಟೆಗೆ ಬಾಗಿಲಲ್ಲಿ ಕೊಡೆ ಮಡಿಸುತ್ತಾ ನಿಂತವರು ಯಾರು ಗೊತ್ತೇ, ಕೋಯಂಬೇಡಿನ ಷಣ್ಮುಗಂ. ತಮ್ಮ ಇನ್ಸುಲಿನ್ ಕೊಳ್ಳಲು ಬಂದವರು, ಬುಧವಾರ ಸಂಜೆಯೂ ಲಸಿಕೆ ಎಂದು ನಾವು ಹಾಕಿದ್ದ ಬೋರ್ಡು ನೋಡಿ ಒಳಗೆ ಬಂದಿದ್ದರು. ಇವತ್ತು ಅಷ್ಟಮಿ ಇಲ್ಲವೇ ಎಂದು ನಾನೇ ಕೆಣಕಿದೆ.

"ಬೆಳಿಗ್ಗೆ ಮಂಡಿಗೆ ಲಾರಿ ಬರುವ ಹೊತ್ತು ಸಿಸ್ಟರಮ್ಮಾ. ಆವಾಗ ಇಲ್ಲಿ ಕೂತು, ಜ್ವರ ಬಂದು ಮಲಗಿದರೆ ವ್ಯಾಪಾರ ಯಾರು ನೋಡುತ್ತಾರೆ? ಈಗ ಹಾಕಿ. ಮನೆಗೆ ಹೋಗಿ ಮಲಗುತ್ತೇನೆ," ಎಂದರು.

"ಇದನ್ನ ಮೊದಲೇ ಹೇಳೋದಲ್ವಾ?"

"ನೀವು ಯಾಕೆ ಬೇಡ ಅಂತ ಕೇಳಿದಿರಿ. ಯಾವಾಗ ಬೇಕು ಅಂತ ಕೇಳಲಿಲ್ಲ."

ಕಮಿಷನ್ನಿನ ಅನುಮಾನ ಅವರಿಗೆ ಆಗಲೂ ಹೋಗಿರಲಿಲ್ಲ, ರಸೀದಿಯನ್ನು ಎರಡು ಸಲ ಓದಿದರು.

ಎರಡನೆಯ ಬುಧವಾರ ಮಾಂಬಲದಿಂದ ಹೆಂಗಸರು ಬಂದರು. ಪದ್ಮಾಬಾಯಿಯ ಬೀದಿಯವರು. ಯಾರೂ ನನ್ನನ್ನು ಲಸಿಕೆಯ ವಿಷಯ ಕೇಳಲಿಲ್ಲ, ಎಲ್ಲರೂ ಫ್ರಿಜ್ಜು ತೋರಿಸಿ ಎಂದರು. ತೆಗೆಯಬಾರದು, ಬಾಗಿಲಿನ ಗಾಜಿನಿಂದ ನೋಡಿ ಎಂದೆ. ಸಾಲಾಗಿ ನಿಂತು ಬಗ್ಗಿ ನೋಡಿ, ಮೊಸರನ್ನ ಇಲ್ಲವೆಂದು ಖಾತ್ರಿ ಮಾಡಿಕೊಂಡು ತೋಳು ಕೊಟ್ಟರು. ಕೊನೆಯಲ್ಲಿ ರಾಯರು ಬಂದರು, ಅವರ ಮುಂದೆ ಪದ್ಮಾಬಾಯಿ. ನಾನು ಏನೂ ಕೇಳುವ ಮೊದಲೇ ಪದ್ಮಾಬಾಯಿ ಬೆರಳು ಚಾಚಿದರು.

"ಚುಚ್ಚಿ. ಎಷ್ಟಿದೆ ನೋಡಿ."

ಬಹಳ ಇತ್ತು. ಅವರು ಡಾಕ್ಟರ ಕೋಣೆಗೆ ಹೋಗುವ ಮೊದಲು ನಾನು ಒಳಗೆ ನುಗ್ಗಿ, ಇವರು ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆ ಎಂದು ಮೊದಲು ಕೇಳಿ, ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ ಎಂದೆ. ದೊಡ್ಡ ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ಪದ್ಮಾಬಾಯಿ ಬಂದು ಕೂತಾಗಲೂ ತಲೆ ಎತ್ತಿಯೇ ಇದ್ದರು, ಅದು ದೊಡ್ಡ ವಿಷಯ. ಊಟದ ಹೊತ್ತು ಕೇಳಿದರು. ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ತೆಗೆದುಕೊಳ್ಳುವ ಹಾಗೆ ಮಾತ್ರೆ ಬರೆದರು. ಬೆಳಿಗ್ಗೆ ಅಷ್ಟು ಹೊತ್ತು ನೀರೂ ಕುಡಿಯದೆ ಇರುವುದು ಒಳ್ಳೆಯದಲ್ಲ ಎಂದರು. ಏಕಾದಶಿಯ ಮಾತು ಬಂದಾಗ ಪದ್ಮಾಬಾಯಿ ಸೆಟೆದು ಕೂತರು.

"ನೀರು ಕುಡೀತೇನೆ. ಏಕಾದಶಿಗೆ ಹಾಲು, ಹಣ್ಣು ತಗೊಳ್ತೇನೆ. ಅನ್ನ ಕೇಳಬೇಡಿ," ಎಂದರು. ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದದ್ದನ್ನು ನಾನು ತಮಿಳಿನಲ್ಲಿ ಡಾಕ್ಟರಿಗೆ ಹೇಳಿದೆ. ಅವರು ಆ ದಿನಕ್ಕೆ ಬೇರೆಯಾಗಿ ಬರೆದುಕೊಟ್ಟರು. ತಲೆ ಸುತ್ತಿದರೆ, ಬೆವರಿದರೆ ವ್ರತ ಅಲ್ಲಿಗೇ ಮುರಿಯಬೇಕು ಎಂದು ಮಾತು ತೆಗೆದುಕೊಂಡರು. ರಾಯರಿಗೆ ಇನ್ಸುಲಿನ್ ಬರೆಯಲಿಲ್ಲ. ಬರೆದ ಮಾತ್ರೆಯನ್ನು ಪೂರ್ತಿ ನುಂಗಿ ಮೂರು ತಿಂಗಳು ನೋಡೋಣ ಎಂದರು.

ನನಗೆ ಇನ್ನೂ ಅನುಮಾನ. ಇಬ್ಬರೂ ತಲೆಯಾಡಿಸಿ ಮನೆಗೆ ಹೋಗಿ ಹಳೆಯ ಹಾಗೇ ಮಾಡಿದರೆ? ಅವರು ಮನೆಯಿಂದ ತಂದ ತಿಂಡಿ ಬಿಚ್ಚಲು ಕ್ಯಾಂಟೀನಿಗೆ ಹೋದಾಗ ನಾನೂ ಏನೋ ನೆಪ ಮಾಡಿಕೊಂಡು ಹಿಂದೆಯೇ ಹೋಗಿ ಪಕ್ಕದ ಮೇಜಿನಲ್ಲಿ ಕೂತೆ. ಪದ್ಮಾಬಾಯಿ ಡಬ್ಬಿಯಿಂದ ಇಡ್ಲಿ ತೆಗೆದು ಗಂಡನ ಮುಂದಿಟ್ಟರು. ತಿಂದ ಮೇಲೆ ರಾಯರು ಮಾತ್ರೆ ಎತ್ತಿ, ಮಾತಾಡುತ್ತಲೇ, ಹೆಬ್ಬೆರಳಿನಿಂದ ಟಕ್ ಎಂದು ಮುರಿದು ಅರ್ಧವನ್ನು ಹೆಂಡತಿಯ ಕಡೆ ಚಾಚಿದರು.

ಪದ್ಮಾಬಾಯಿ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಚೀಲದಿಂದ ತಮ್ಮ ಹೊಸ ಸ್ಟ್ರಿಪ್ಪು ತೆಗೆದು ಮೇಜಿನ ಮೇಲಿಟ್ಟರು.

"ನನಗೆ ನನ್ನದಿದೆ. ನಿಮ್ಮದು ಪೂರ್ತಿ ನೀವೇ ನುಂಗಿ."

ರಾಯರು ತಮ್ಮ ಕೈಯಲ್ಲಿದ್ದ ಎರಡು ಅರ್ಧಗಳನ್ನು ನೋಡುತ್ತಾ ಕೂತರು. ಕಣ್ಣು ಒರೆಸಿಕೊಂಡು, ಎರಡನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನುಂಗಿದರೋ ಇಲ್ಲವೋ ಎಂದು ಪದ್ಮಾಬಾಯಿ ಬಾಯಿ ತೆರೆಸಿ ನೋಡಿದರು, ಪಕ್ಕದ ಮೇಜಿನಿಂದ ನಾನೂ ನೋಡಿದೆ.